ಸ್ಟಾಫ್‌ರೂಮು ಸಮುದ್ರಕ್ಕಿಳಿದದ್ದು

ನಮ್ಮ ಶಾಲೆಯಲ್ಲಿ ಯಾವ ಕೆಲಸವಾದರೂ ನೆಟ್ಟಗೆ ನಡೆಯಿತು ಅನ್ನೋದಕ್ಕೆ ದಾಖಲೆ ಇಲ್ಲ. ಇದ್ದಿದ್ದರೆ ನನ್ನ ಬೀರುವಿನಲ್ಲೇ ಇರಬೇಕಿತ್ತು, ನಾನು ಅಲ್ಲಿನ ಗುಮಾಸ್ತ. ಹೊಸಕೋಟೆಯಿಂದ ಜಡಿಗೇನಹಳ್ಳಿಗೆ ಹೋಗೋ ದಾರಿಯಲ್ಲಿ ನಮ್ಮ ಪ್ರೌಢಶಾಲೆ. ಸುತ್ತ ರಾಗಿ ಹೊಲ, ಹಿಂದೆ ಬೇಸಿಗೆಗೆ ಬತ್ತಿಹೋಗೋ ಕೆರೆ. ಅಲ್ಲಿ ಕೂತುಕೊಂಡು ನಾವು ನಾಲ್ಕು ಜನ, ದಸರಾ ರಜಕ್ಕೆ ಅಂಡಮಾನಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡೋದು ಅಂತ ತೀರ್ಮಾನ ಮಾಡಿದೆವು. ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಮೀನು ನೋಡೋ ಆಟ ಅದು.

ನಾಲ್ಕು ಜನ ಅಂದರೆ ಗಣಿತದ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಹೆಡ್ಮಿಸ್ಸು, ನಾನು. ಹೆಡ್ಮಿಸ್ಸು ನೀರಿಗೆ ಇಳಿಯೋರಲ್ಲ. "ನಾನು ದಡದಲ್ಲಿ ಕೂತು ಶಿಸ್ತು ನೋಡ್ಕೋತೀನಿ" ಅಂದಿದ್ದರು. ಸಮುದ್ರಕ್ಕೆ ಶಿಸ್ತು ಕಡಿಮೆ ಅಂತ ಅವರ ಅಭಿಪ್ರಾಯ.

ತ್ರೈರಾಶಿ

ಪ್ರವಾಸದ ಆಸೆ ಹುಟ್ಟಿಸಿದ್ದೂ ಯೋಜನೆ ಹಾಕಿದ್ದೂ ಗಣಿತದ ಮೇಷ್ಟ್ರೇ. ಹದಿನೈದು ದಿನ ವಿಡಿಯೋ ನೋಡಿ ಚಾರ್ಟು ಬರೆದಿದ್ದರು, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಅದರ ಪ್ರಕಾರ ಕೊನೇ ದಿನ ಬೆಳಿಗ್ಗೆ ಎಂಟಕ್ಕೆ ಮುಳುಗೋದು, ಮಧ್ಯಾಹ್ನ ಒಂದಕ್ಕೆ ವಿಮಾನ ಹತ್ತೋದು.

ಬುಕ್ ಮಾಡೋಕೆ ನಾನು ಅಲ್ಲಿನ ಡೈವಿಂಗ್ ಕೇಂದ್ರಕ್ಕೆ ಫೋನ್ ಹಚ್ಚಿದೆ. ಎತ್ತಿದ ಹುಡುಗಿ ಅದೃಷ್ಟಕ್ಕೆ ಮಂಗಳೂರಿನವಳು. "ಮುಳುಗಿದ ಮೇಲೆ ಹದಿನೆಂಟು ಗಂಟೆ ವಿಮಾನ ಹತ್ತುವ ಹಾಗಿಲ್ಲ ಸಾರ್. ರಕ್ತದಲ್ಲಿ ಗಾಳಿ ಸೇರಿರ್ತದೆ, ಮೇಲೆ ಹೋದರೆ ಗುಳ್ಳೆ ಆಗ್ತದೆ" ಅಂದಳು.

ಗಣಿತದ ಮೇಷ್ಟ್ರು ಫೋನು ಕಿತ್ತುಕೊಂಡರು. ಮೂರು ಬಣ್ಣದ ಚಾರ್ಟು ಅಷ್ಟು ಸುಲಭಕ್ಕೆ ಬಿಡೋದಾ?

"ನೋಡಮ್ಮ, ಒಂದು ಗಂಟೆ ಮುಳುಗಿದೋರಿಗೆ ಹದಿನೆಂಟು ಗಂಟೆ ಅಂತ ಇಟ್ಕೊಳೋಣ. ನಾವು ಮುಳುಗೋದು ಅರ್ಧ ಗಂಟೆ. ಹಾಗಾದರೆ ಒಂಬತ್ತೇ ಗಂಟೆ ಆಯ್ತಲ್ಲ. ಸ್ವಲ್ಪ ಮೇಲಮೇಲೇ ಮುಳುಗಿದರೆ ಇನ್ನೂ ಕಮ್ಮಿ."

ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು: "ಸಾರ್, ನಿಮಗೆ ಲೆಕ್ಕ ಬರ್ತದೆ. ನಿಮ್ಮ ರಕ್ತಕ್ಕೆ ಬರೂದಿಲ್ಲ."

ಫಾರಂ

ಮುಂದಿನ ವಾರ ಆರೋಗ್ಯದ ಫಾರಂ ಬಂತು. ಉಬ್ಬಸ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ತಲೆ ಸುತ್ತುತ್ತಾ, ಹೀಗೆ ಸಾಲು ಪ್ರಶ್ನೆ. ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕು.

ಪಿ.ಟಿ. ಮೇಷ್ಟ್ರು ಅರ್ಧ ನಿಮಿಷದಲ್ಲಿ ತುಂಬಿ ನನ್ನ ಮೇಜಿನ ಮೇಲೆ ಎಸೆದರು. "ನಂಗೇನ್ರೀ ಕಾಯಿಲೆ? ನಮ್ಮೂರ ಬಾವಿಗೆ ತಲೆಕೆಳಗಾಗಿ ಹಾರ್ತಿದ್ದೋನು ನಾನು." ನೋಡಿದೆ. ಮೇಲಿಂದ ಕೆಳಗಿನ ತನಕ ಎಲ್ಲಕ್ಕೂ 'ಇಲ್ಲ'. ಈಜು ಬರುತ್ತಾ? ಇಲ್ಲ. ಕೊಟ್ಟ ಉತ್ತರಗಳೆಲ್ಲ ನಿಜವೇ? ಇಲ್ಲ.

ಗಣಿತದ ಮೇಷ್ಟ್ರು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿದರು. ಉಬ್ಬಸದ ಹತ್ತಿರ ಪೆನ್ನು ನಿಂತಿತು. ಅವರಿಗೆ ಚಳಿಗಾಲದಲ್ಲಿ ಉಸಿರು ಕಟ್ಟೋದು ಸ್ಟಾಫ್‌ರೂಮಿಗೆಲ್ಲ ಗೊತ್ತು. "ಯಾರಿಗೆ ಗೊತ್ತಾಗುತ್ತೆ, ಇಲ್ಲ ಅಂತ ಹಾಕಿ ಸಾರ್" ಅಂದರು ಪಿ.ಟಿ. ಮೇಷ್ಟ್ರು. ಇವರು ಸುಮ್ಮನೆ 'ಹೌದು' ಅಂತ ಗುರುತು ಹಾಕಿದರು. ಡೈವಿಂಗ್ ಕೇಂದ್ರದ ಡಾಕ್ಟರು ಬೇಡ ಅಂದುಬಿಟ್ಟರು. ಮೇಷ್ಟ್ರು ಚಾರ್ಟು ಸುತ್ತಿ ಬೀರುವಿನ ಮೇಲಿಟ್ಟರು. ಮೂರನೇ ದಿನ ಹೆಡ್ಮಿಸ್ ಕೋಣೆಗೆ ಹೋಗಿ, "ಮೇಡಂ, ನನ್ನ ಜಾಗದಲ್ಲಿ ನೀವು ಇಳೀರಿ. ನಾನು ದೋಣೀಲಿ ಕೂತು ಟೈಮ್ ನೋಡ್ತೀನಿ" ಅಂದರು.

ರಿಟೈರ್ ಆಗೋಕೆ ಒಂದು ವರ್ಷ ಇದ್ದ ಹೆಡ್ಮಿಸ್ಸು ಬಕೆಟ್‌ಗಿಂತ ಆಳದ ನೀರು ಕಂಡವರಲ್ಲ. ಈಜು ಬಾರದವರನ್ನೂ ಕೈ ಹಿಡಿದು ಇಳಿಸ್ತಾರೆ ಅಂತ ಗೊತ್ತಾದ ಮೇಲೆ, ಹತ್ತು ನಿಮಿಷ ಯೋಚನೆ ಮಾಡಿ "ಸರಿ" ಅಂದರು. ಅವರ ವಯಸ್ಸಿಗೆ ಡಾಕ್ಟರ ಸರ್ಟಿಫಿಕೇಟು ಬೇಕಾಗಿತ್ತು. ಹೊಸಕೋಟೆಯ ಡಾಕ್ಟರು ಇಂಥದ್ದನ್ನ ಹಿಂದೆ ಬರೆದಿರಲಿಲ್ಲ. ಎದೆ ನೋಡಿದರು, ಕಿವಿ ನೋಡಿದರು, ತಲೆ ಕೆರೆದುಕೊಂಡು ಬರೆದುಕೊಟ್ಟರು: 'ಇವರು ಮುಳುಗಿಹೋಗಲು ಸಂಪೂರ್ಣ ಸಮರ್ಥರು.'

ಕ್ಲಿಪ್ಪು

ನೀರೊಳಗೆ ಮೂಗಿನಿಂದ ಉಸಿರಾಡೋ ಹಾಗಿಲ್ಲ, ಬಾಯಲ್ಲೇ ಆಡಬೇಕು. ಹೆಡ್ಮಿಸ್ಸು ಅಭ್ಯಾಸ ಶುರು ಮಾಡಿದರು. ಬಟ್ಟೆ ಒಣಹಾಕೋ ಕ್ಲಿಪ್ಪು ಮೂಗಿಗೆ ಸಿಕ್ಕಿಸಿಕೊಂಡು ಕೋಣೆಯಲ್ಲಿ ಫೈಲು ನೋಡೋರು. ಹೇಳೋಕೆ ಧೈರ್ಯ ಯಾರಿಗಿದೆ?

ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗನ ತಂದೆ ಬಂದರು. ಮಗನ ಹಾಜರಾತಿ ವಿಷಯ. ಹೆಡ್ಮಿಸ್ಸು ಕ್ಲಿಪ್ಪು ಮರೆತು, ಕೂರಿಸಿ, ಕಾಲು ಗಂಟೆ ಬುದ್ಧಿ ಹೇಳಿದರು. ಆ ಮನುಷ್ಯ ಒಂದು ಸಲ ಕ್ಲಿಪ್ಪು ನೋಡಿದವರು ಮತ್ತೆ ತಲೆ ಎತ್ತಲಿಲ್ಲ. ಹೊರಗೆ ಬಂದವರು ನನ್ನ ಮೇಜಿನ ಮುಂದೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಮೆಲ್ಲಗೆ ಹೇಳಿದರು: "ದಿನಾ ಸ್ನಾನ ಮಾಡಿಸೇ ಕಳಿಸ್ತೀವಿ ಸಾರ್."

ಹೆಬ್ಬೆರಳು

ಅಂತೂ ಚಾರ್ಟು ತಿದ್ದಿ, ವಿಮಾನಕ್ಕೆ ಎರಡು ದಿನ ಮೊದಲೇ ಸಮುದ್ರದ ಮುಂದೆ ನಿಂತೆವು. ನೀರೊಳಗೆ ಮಾತು ನಡೆಯೋಲ್ಲ, ಎಲ್ಲಾ ಕೈಸನ್ನೆ. ಕಲಿಸೋಕೆ ನಿಂತವನು ಇಪ್ಪತ್ತು ನಿಮಿಷ ಹೇಳಿಕೊಟ್ಟ. ಹೆಡ್ಮಿಸ್ಸು ನೋಟ್ಸ್ ಬರೆದುಕೊಂಡರು. ಪಿ.ಟಿ. ಮೇಷ್ಟ್ರು ಅಷ್ಟೂ ಹೊತ್ತು ಪಕ್ಕದವರಿಗೆ ತಮ್ಮೂರ ಬಾವಿಯ ಆಳ ವಿವರಿಸುತ್ತಿದ್ದರು.

ಮೊದಲ ಸರದಿ ಅವರಿಬ್ಬರದು, ತಲೆಗೊಬ್ಬ ಗೈಡು. ಗಣಿತದ ಮೇಷ್ಟ್ರೂ ನಾನೂ ದೋಣಿಯಲ್ಲಿ. ಎರಡು ನಿಮಿಷ ಆಗಿಲ್ಲ, ಪಿ.ಟಿ. ಮೇಷ್ಟ್ರ ತಲೆ ಮೇಲೆ ಬಂತು. ಗೈಡು ಭುಜ ತಟ್ಟಿ ಏನೋ ಕೇಳಿ ಮತ್ತೆ ಕರೆದುಕೊಂಡು ಹೋದ. ಮೂರು ನಿಮಿಷಕ್ಕೆ ಮತ್ತೆ ಮೇಲೆ. ಮೂರನೇ ಸಲ ಮೇಲೆ ಬಂದಾಗ ಗೈಡೇ ಕೈಮುಗಿದು ದೋಣಿ ಹತ್ತಿಸಿದ.

"ಎಂಥಾ ಜನ ಗುರು ಇವರು. ಒಳ್ಳೇ ಹಳದಿ ಮೀನು ಬಂತು, ಸೂಪರ್ ಅಂತ ಹೆಬ್ಬೆರಳು ತೋರಿಸಿದೆ. ಎಳ್ಕೊಂಡು ಮೇಲೆ ಬಂದ್ಬಿಟ್ಟ. ಮತ್ತೆ ಆಮೆ ಬಂತು, ತೋರಿಸಿದೆ, ಮತ್ತೆ ಎಳ್ಕೊಂಡು ಬಂದ."

ದೋಣಿಯವನು ಅವರ ಹೆಬ್ಬೆರಳನ್ನೇ ನೋಡುತ್ತಾ ವಿವರಿಸಿದ. ನೀರೊಳಗೆ ಅದರ ಅರ್ಥ 'ನನ್ನನ್ನ ಮೇಲೆ ಕರ್ಕೊಂಡು ಹೋಗಿ' ಅಂತ.

ಪಿ.ಟಿ. ಮೇಷ್ಟ್ರು ಸಿಲಿಂಡರು ಬಿಚ್ಚೋದರಲ್ಲಿ ಮುಳುಗಿದರು. ಗಣಿತದ ಮೇಷ್ಟ್ರು ಗಡಿಯಾರ ನೋಡುತ್ತಲೇ ಇದ್ದರು. ಪೂರಾ ಮೂವತ್ತೊಂದು ನಿಮಿಷಕ್ಕೆ ಹೆಡ್ಮಿಸ್ಸು ಮೇಲೆ ಬಂದರು. ಮುಖ ಕೆಂಪಗೆ, ಕೂದಲೆಲ್ಲ ಕೆದರಿತ್ತು. ಅವರು ಹಾಗೆ ನಗೋದನ್ನ ನಾನು ಅದುವರೆಗೆ ನೋಡಿರಲಿಲ್ಲ.

"ಹೇಗಿತ್ತು ಮೇಡಂ?" ಗಣಿತದ ಮೇಷ್ಟ್ರು ಬಗ್ಗಿ ಕೇಳಿದರು.

"ಅಷ್ಟೊಂದು ಮೀನು, ಒಂದೂ ಗಲಾಟೆ ಮಾಡಲಿಲ್ಲ ಕಣ್ರೀ. ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಕ್ಲಾಸು ನೋಡಿರಲಿಲ್ಲ."

ರಜ ಮುಗಿದು ಶಾಲೆ ಶುರುವಾದ ದಿನ ಪ್ರಾರ್ಥನೆ ಆದಮೇಲೆ ಪಿ.ಟಿ. ಮೇಷ್ಟ್ರು ಮೈಕ್ ಹಿಡಿದರು. "ಮಕ್ಕಳೇ, ನಿಮ್ಮ ಹೆಡ್ಮಿಸ್ಸು ಸಮುದ್ರಕ್ಕೆ ಒಂದೇ ಸಲ ಇಳಿದರು. ನಾನು ಮೂರು ಸಲ ಇಳಿದೆ" ಅಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು.

ಹೆಡ್ಮಿಸ್ಸೂ ತಟ್ಟಿದರು. ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ.