ಟರ್ಬೋ ಕಾರಿನ ಚಾವಿ ಮತ್ತು ಅಕ್ಕಾರ ಮೊಸರು

ನಮ್ಮ ಮನೆಗೆ ಯಾವ ಹೊಸ ಯಂತ್ರ ಬಂದರೂ ಮೊದಲು ರಿಪೇರಿಗೆ ಬರುವುದು ಮನುಷ್ಯರೇ. ಮಿಕ್ಸರ್ ಬಂದಾಗ ಹೀಗಾಯಿತು, ಕಂಪ್ಯೂಟರ್ ಬಂದಾಗಲೂ ಆಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಟರ್ಬೋ ಡೀಸೆಲ್ ಕಾರು ಬಂದಾಗಲಂತೂ ಕೇಳಬೇಡಿ. ಡೀಸೆಲ್ ಎಷ್ಟು ಹಾಕಿಸಿದೆವು, ಯಾರು ಯಾರಿಗೆ ಏನಂದರು, ಎಲ್ಲವನ್ನೂ ಬರೆದಿಡುವುದು ನನ್ನ ಪದ್ಧತಿ. ಹಾಗಾಗಿ ಇಲ್ಲಿ ಉತ್ಪ್ರೇಕ್ಷೆ ಇಲ್ಲ. ನಮ್ಮ ಮನೆಯವರು ಇದೆ ಎನ್ನುತ್ತಾರೆ. ಆದರೆ ಅವರು ಏನನ್ನೂ ಬರೆದಿಟ್ಟಿಲ್ಲ.

ಕಾಲಿಗೆ ವಯಸ್ಸಾಯಿತು

ನಾನು ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಪ್ರತಿ ಬುಧವಾರ ಧಾರವಾಡದಲ್ಲಿ ನಾವು ಕೆಲವು ಹೆಂಗಸರು ಸೇರಿ ಸಂಗೀತ ಕೇಳುತ್ತೇವೆ. ಹುಬ್ಬಳ್ಳಿಯಿಂದ ಅಲ್ಲಿಗೆ ಯಾರನ್ನೂ ಕೇಳದೆ ಹೋಗಿಬರುವುದು ನನ್ನ ಪಾಲಿಗೆ ಎರಡನೆಯ ಪದವಿ ಇದ್ದಂತೆ. ಮೊದಲನೆಯದು ಬಿ.ಎಸ್ಸಿ., ಭೌತಶಾಸ್ತ್ರ.

ಒಂದು ದಿನ ನಮ್ಮ ಮನೆಯವರು ಪಕ್ಕದಲ್ಲಿ ಕೂತಿದ್ದರು. ಉಣಕಲ್ ಕೆರೆ ದಾಟಿ ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದೆ. ಕಾರು ‘ವಿಚಾರ ಮಾಡಿ ಹೇಳ್ತೇನಿ’ ಅನ್ನುವವರಂತೆ ಸುಮ್ಮನಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಆಮೇಲೆ ಒಮ್ಮೆಲೇ ಯಾರೋ ನೂಕಿದಂತೆ ಕಾರು ಓಡಿತು.

"ನಿನ್ನ ಕಾಲಿಗೆ ವಯಸ್ಸಾಗೇತಿ," ಅಂದರು ನಮ್ಮವರು.

"ಕಾಲಿಗಲ್ರಿ. ಇಂಜಿನ್ ಬಿಟ್ಟ ಹೊಗೀನ ಟರ್ಬೋದ ಚಕ್ರಾ ತಿರಗಸಬೇಕು. ಆ ಚಕ್ರಾ ಗಾಳಿ ಒತ್ತಿ ಒಳಗ ಕಳಸಬೇಕು. ಇಂಜಿನ್ ನಿಧಾನ ತಿರಗಾಕತ್ತಿದ್ರ ಹೊಗಿ ಕಡಿಮಿ. ಅದಕ್ಕ ತಡಾ ಆಗತೈತಿ."

"ನಾ ಹೊಡದ್ರ ಯಾಕ ತಡಾ ಆಗೂದಿಲ್ಲ?"

"ನೀವು ಎರಡನೇ ಗೇರ್ ಬಿಟ್ಟು ಮ್ಯಾಲೆ ಹೋಗಿದ್ದ ನಾ ನೋಡಿಲ್ರಿ. ಇಂಜಿನ್ ಸದಾ ಒದರಾಕತ್ತಿರತೈತಿ. ಚಕ್ರಾ ನಿಲ್ಲೂದ ಇಲ್ಲ."

ಮನೆ ಮುಟ್ಟಿದ ಮೇಲೆ ಅವರು ಚಾವಿ ತೆಗೆದು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಭೌತಶಾಸ್ತ್ರ ಗೆದ್ದಿತು, ಚಾವಿ ಹೋಯಿತು.

ಒಂದು ಬೆರಳು

ಅದೇ ತಿಂಗಳು ಮಗನಿಗೆ ಕನ್ಯೆ ನೋಡಲು ಧಾರವಾಡಕ್ಕೆ ಹೋಗಬೇಕಿತ್ತು. "ಇಂಥಾ ದಿನಾ ನಾನ ಹೊಡೀತೇನಿ," ಅಂದರು. ಹೊಡೆದರು, ಎರಡನೇ ಗೇರಿನಲ್ಲೇ.

ಟರ್ಬೋ ಗಾಡಿಯನ್ನು ನಿಲ್ಲಿಸಿದ ಕೂಡಲೇ ಬಂದ್ ಮಾಡಬಾರದು, ಬಿಸಿಯಾದ ಚಕ್ರ ಆರಲು ಒಂದು ನಿಮಿಷ ಇಂಜಿನ್ ಚಾಲೂ ಇರಬೇಕು ಎಂದು ಗ್ಯಾರೇಜಿನವರು ಹೇಳಿದ್ದರು. ನನ್ನ ಮಾತಿಗೆ ಇಲ್ಲದ ಬೆಲೆ ಗ್ಯಾರೇಜಿನವರ ಮಾತಿಗಿತ್ತು. ನಾನು, ಮಗ ಇಳಿದೆವು. ಇವರು ಕೈಗಡಿಯಾರ ನೋಡುತ್ತ ಒಳಗೇ ಕೂತರು.

ಕನ್ಯೆಯ ತಂದೆ ಪಡಸಾಲೆಯಿಂದ ನೋಡಿದರು. ಗಾಡಿ ಚಾಲೂ ಇದೆ, ಗಂಡಿನ ತಂದೆ ಇಳಿಯುತ್ತಿಲ್ಲ! ಬರಿಗಾಲಿನಲ್ಲಿ ಓಡಿಬಂದರು. "ಯಾಕ್ರಿ ಸಾಹೇಬ್ರ, ನಮ್ಮಿಂದ ಏನರ ತಪ್ಪಾತೇನ್ರಿ? ಇಳೀರಲಾ."

ಗಾಜು ಮುಚ್ಚಿತ್ತು. ಇವರು ‘ಒಂದು ನಿಮಿಷ’ ಎಂದು ಒಂದು ಬೆರಳು ಎತ್ತಿ ತೋರಿಸಿದರು.

ಅವರ ಮುಖದ ಮೇಲಿನ ಗಾಬರಿ ಒಮ್ಮೆಲೇ ಇಳಿಯಿತು. ಬಾಗಿಲು ತೆಗೆದು, ಕೈ ಹಿಡಿದು, ಓಣಿಗೆಲ್ಲ ಕೇಳುವಂತೆ ಹೇಳಿದರು: "ಅಷ್ಟ ಹೌದಲ್ರಿ! ಬರ್ರಿ, ಬರ್ರಿ, ಹಿತ್ತಲದಾಗ ಐತಿ. ಅದಕ್ಯಾಕ ನಾಚಗಿ? ನಮಗೂ ವಯಸ್ಸಾಗೇತಿ."

ಒಳಗಿನಿಂದ ಕಿಸಕ್ಕನೆ ಒಂದು ನಗು ಕೇಳಿತು. ಹುಡುಗಿಯನ್ನು ನೋಡುವ ಮೊದಲೇ ನಾನು ಒಪ್ಪಿಬಿಟ್ಟೆ.

ಮೂರು ನಂಬರು

ನನ್ನ ಬುಧವಾರಗಳು ಮನೆಯಲ್ಲೇ ಕಳೆಯತೊಡಗಿದವು. ಮಗನಿಗೆ ಕನಿಕರ ಬಂತು. "ಅವ್ವಾ, ಇದನ್ನ ಟ್ಯೂನ್ ಮಾಡಸೂಣು. ಒತ್ತಿದ ಕೂಡ್ಲೆ ಓಡತೈತಿ," ಅಂದ.

ಗ್ಯಾರೇಜಿನವರು ಎರಡು ಬಗೆಯ ಇಲೆಕ್ಟ್ರಾನಿಕ್ ಡಬ್ಬಿ ತೋರಿಸಿದರು. ಒಂದು ಪೆಡಲ್ಲಿಗೆ ಹಾಕುವುದು. ನಾವು ಸ್ವಲ್ಪ ಒತ್ತಿದರೆ ಅದು ‘ಬಹಳ ಒತ್ತಿದ್ದಾರೆ’ ಎಂದು ಇಂಜಿನ್ನಿಗೆ ಹೇಳುತ್ತದಂತೆ. ಇಂಜಿನ್ನಿನ ಬಲ ಅಷ್ಟೇ ಇರುತ್ತದೆ. ಸಣ್ಣದನ್ನು ದೊಡ್ಡದು ಮಾಡಿ ಹೇಳುವವರು ನಮ್ಮ ಮನೆತನದಲ್ಲಿ ಬೇಕಾದಷ್ಟು ಜನ ಇದ್ದಾರೆ, ಕಾರಿಗೂ ಬೇಡ ಅಂದೆ. ಇನ್ನೊಂದು ಡೀಸೆಲ್ಲನ್ನೇ ಹೆಚ್ಚಿಗೆ ಕೊಡಿಸುವ ಡಬ್ಬಿ. ಅದರಿಂದ ಎಳೆತ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ಅದಕ್ಕೊಂದು ತಿರುವುವ ಗುಂಡಿ, ಮೂರು ನಂಬರು.

"ಒಂದು ಅಂದ್ರ ಕಂಪನಿಯಿಂದ ಬಂದಂಗರಿ, ಸಂಸಾರಸ್ಥರಿಗೆ. ಎರಡು ಹುಡುಗೂರಿಗೆ."

"ಮೂರು ಯಾರಿಗ್ರಿ?"

"ವಿಮಾ ಮಾಡಿಸಿದವರಿಗ್ರಿ."

ಡಬ್ಬಿ ಕೂಡಿಸಿದರು. ಯಾವ ನಂಬರು ಹೇಗೆ ಎಂದು ಪರೀಕ್ಷಿಸಲು ನನಗೆ ಒಂದು ಉಪಕರಣ ಬೇಕಿತ್ತು. ಹಿಂದಿನ ಸೀಟಿನಲ್ಲಿ ಸಿಕ್ಕಿತು: ನಮ್ಮವರ ಅಕ್ಕ. ಧಾರವಾಡದಲ್ಲಿರುತ್ತಾರೆ, ಎಂಬತ್ತರ ಹತ್ತಿರ, ಕಾರಿನಲ್ಲಿ ಕೂತರೆ ಕಣ್ಣು ಮುಚ್ಚಿ ಜಪ. ಮಗ ಗಾಡಿ ಹೊಡೆದ, ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ.

ಒಂದನೇ ನಂಬರು: ಜಪ ನಡೆದಿತ್ತು.

ಎರಡನೆಯದು: ಜಪ ನಿಂತಿತು. "ಯಾರರ ಬೆನ್ನ ಹತ್ಯಾರೇನವಾ?"

ಮೂರನೆಯದು: ಜಪ ಮತ್ತೆ ಶುರುವಾಯಿತು, ಈ ಸಲ ಗಟ್ಟಿಯಾಗಿ.

ಮೊಸರು

ಒಂದು ಭಾನುವಾರ ಅಕ್ಕಾರನ್ನು ಧಾರವಾಡದಿಂದ ನಮ್ಮ ಮನೆಗೆ ಕರೆತರುವುದಿತ್ತು. ಮಗನೇ ಪಂದ್ಯ ಗೊತ್ತುಮಾಡಿದ. ಅಕ್ಕಾರು ಒಂದು ಗಡಿಗೆ ಗಟ್ಟಿ ಮೊಸರನ್ನು ಬಟ್ಟೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾರೆ. ಅರ್ಧ ದಾರಿ ಅಪ್ಪ, ಅರ್ಧ ದಾರಿ ಅವ್ವ. ಯಾರ ಪಾಳಿಯಲ್ಲಿ ಮೊಸರು ಚೆಲ್ಲಲಿಲ್ಲ ಎಂದು ನೋಡಿ, ಚಾವಿ ಯಾರಿಗೆ ಎಂದು ಅಕ್ಕಾರು ಹೇಳಬೇಕು. ಅವರ ಮಾತನ್ನು ನಮ್ಮವರು ಇದುವರೆಗೆ ಮೀರಿದ್ದಿಲ್ಲ.

ನಮ್ಮವರು ಗುಂಡಿಯನ್ನು ಮೂರಕ್ಕೆ ತಿರುವಿದರು. "ನಾ ಒತ್ತಿದ ಕೂಡ್ಲೆ ಬರಬೇಕು!" ಆದರೆ ಕಾಲಿಗೆ ಹಳೆಯ ರೂಢಿ. ಧಾರವಾಡ ಬಿಡುವಷ್ಟರಲ್ಲಿ ಒಂದು ಟೆಂಪೋವನ್ನು ಹಿಂದೆ ಹಾಕಲು ಎಂದಿನಂತೆ ಗಟ್ಟಿಯಾಗಿ ಒತ್ತಿದರು. ಕಾರು ನೆಗೆಯಿತು. ಹೆದರಿ ಬ್ರೇಕ್ ಹಾಕಿದರು. ಬಟ್ಟೆ ಕಳಚಿ ಅರ್ಧ ಮೊಸರು ಅಕ್ಕಾರ ಸೆರಗಿನ ಮೇಲೆ, ಸ್ವಲ್ಪ ಜಪಮಾಲೆಯ ಮೇಲೆ. ಹಿಂದೆ ಕರಿ ಹೊಗೆ.

ಅರ್ಧ ದಾರಿಗೆ ನಾನು ಕೂತೆ. ಎಲ್ಲರೂ ನೋಡುವಂತೆ ಗುಂಡಿಯನ್ನು ಒಂದಕ್ಕೆ ತಂದೆ. ಯಂತ್ರ ತಡ ಮಾಡುತ್ತದೆ ಎಂದು ಗೊತ್ತಿದ್ದ ಮೇಲೆ ನಾವು ಮೊದಲೇ ಕೇಳಿ ಕಾಯಬೇಕು, ಅಷ್ಟೇ. ಎಣ್ಣೆಗೆ ಸಾಸಿವೆ ಹಾಕಿ ಸಿಡಿಯುವವರೆಗೆ ನಿಲ್ಲುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಉಣಕಲ್ಲಿನ ಹತ್ತಿರ ಮುಂದೆ ಲಾರಿ ಕಂಡಿತು. ಒಂದು ಗೇರ್ ಇಳಿಸಿ, ಮೊದಲೇ ಮೆತ್ತಗೆ ಒತ್ತಿದೆ. ಲಾರಿ ಮುಟ್ಟುವ ಹೊತ್ತಿಗೆ ಎಳೆತ ಬಂತು. ಅಕ್ಕಾರ ಜಪ ನಿಲ್ಲಲಿಲ್ಲ. ಗಡಿಗೆ ಅಲುಗಲಿಲ್ಲ.

ಮನೆ ಮುಂದೆ ಇಳಿದ ಕೂಡಲೇ ನಮ್ಮವರು ನನ್ನ ಕೈಯಿಂದ ಚಾವಿ ತೆಗೆದುಕೊಂಡು ಕಿಸೆಗೆ ಹಾಕಿ, ತಕರಾರು ತೆಗೆದರು. "ಅಲ್ಲ ಅಕ್ಕಾ, ನನ್ನ ಪಾಳಿ ಇದ್ದಾಗ ಗಡಿಗಿ ತುಂಬಿತ್ತು. ಅರ್ಧ ಗಡಿಗಿ ಯಾರ ಹೊಡದ್ರೂ ಚೆಲ್ಲೂದಿಲ್ಲ. ಇದು ನ್ಯಾಯ ಅಲ್ಲ."

ಅಕ್ಕಾರು ಜಪಮಾಲೆ ಒರೆಸುತ್ತ ಹೇಳಿದರು: "ಖರೇ ಐತಪಾ. ಅರ್ಧಾ ಚೆಲ್ಲಿದಾಂವಾ ನೀ, ಉಳದದ್ದ ಉಳಿಸಿದಾಕಿ ಇಕಿ. ಎಲ್ಲಾ ಮನ್ಯಾಗೂ ಇದ ನಡೀತೈತಿ. ಚಾವಿ ಕೊಡು." ಆಮೇಲೆ ನನ್ನ ಕಡೆ ತಿರುಗಿ, "ಇಂವಾ ಸಣ್ಣಾಂವಿದ್ದಾಗಿಂದನೂ ಹಿಂಗ ನೋಡವಾ. ಕರದ್ರ ಬರೂದಿಲ್ಲ, ಬಂದ್ರ ಬಾಗಲಾ ಮುರಕೊಂಡ ಬರ್ತಾನ. ಆ ಡಬ್ಬಿ ಗಾಡಿಗ್ಯಾಕ ಹಚ್ಚೀರಿ? ಇವಗ ಹಚ್ರಿ," ಅಂದರು.

ಮಗ ಅಂಗಳದಲ್ಲೇ ಕೂತು ನಕ್ಕ. ಆದರೆ ಚಾವಿ ನಮ್ಮವರ ಕಿಸೆಯಿಂದ ಹೊರಗೆ ಬರಲಿಲ್ಲ. ಸೋಮವಾರ ಸುಮ್ಮನಿದ್ದರು. ಮಂಗಳವಾರ ಪೇಪರಿನ ಹಿಂದೆ ಇದ್ದರು. ನಾನೂ ಕೇಳಲಿಲ್ಲ. ಮತ್ತೆ ಮತ್ತೆ ಒತ್ತಿದರೆ ಪ್ರಯೋಜನವಿಲ್ಲ ಎನ್ನುವುದು ನನಗೆ ಗೊತ್ತು.

ಮುಂದಿನ ದಿನ ಮಧ್ಯಾಹ್ನ ಒಮ್ಮೆಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಚಾವಿ ಕಟ್ಟೆಯ ಮೇಲೆ ಇಟ್ಟು ಗದರಿದರು: "ಇನ್ನೂ ಇಲ್ಲೇ ಅದೀಯಲ್ಲ! ಧಾರವಾಡಕ್ಕ ಹೊತ್ತಾಗೂದಿಲ್ಲೇನು? ಲಗೂ ನಡಿ! ಡೀಸೆಲ್ ತುಂಬಿಸೇನಿ, ಗಾಳಿ ನೋಡೇನಿ, ಗಾಜ ಒರಸೇನಿ!"

ಅಂದಿನ ಪುಟದಲ್ಲಿ ನಾನು ಒಂದೇ ಸಾಲು ಬರೆದೆ: ಭಾನುವಾರ ಒತ್ತಿದ್ದು, ಬುಧವಾರ ಎಳೆಯಿತು.