ಕೆಂಪು ಚೀಟಿಯ ಆಸೆ

ಮಗಳಿಗೆ ಶಾಲೆಯ ನಾಟಕದಲ್ಲಿ ಮೊಲದ ಪಾತ್ರ ಸಿಕ್ಕಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಮೊಲಕ್ಕೆ ಇದ್ದದ್ದು ಒಂದೇ ಮಾತು: "ಯಾರೂ ಓಡಬೇಡಿ, ಸಿಂಹಕ್ಕೆ ನಿದ್ದೆ ಬಂದಿದೆ!" ಹಲ್ಲುಜ್ಜುವಾಗ, ತಲೆ ಬಾಚಿಸಿಕೊಳ್ಳುವಾಗ, ನಿದ್ದೆಗಣ್ಣಿನಲ್ಲಿ ಕೂಡ ಅದನ್ನೇ ಹೇಳಿ ಹೇಳಿ ಮನೆಮಂದಿಗೆಲ್ಲ ಬಾಯಿಪಾಠವಾಗಿತ್ತು. ಹೋದ ವರ್ಷ ಅವಳು ಮರವಾಗಿ ನಿಂತಿದ್ದಾಗ ಅಪ್ಪ ಬಂದಿರಲಿಲ್ಲ.

"ಮರಕ್ಕೆ ಮಾತಿರ್ಲಿಲ್ಲ, ಹೋಗ್ಲಿ ಅಂತ ಬಿಟ್ಟೆ," ಎಂದಳು ಬೆಳಿಗ್ಗೆ ಷೂ ಹಾಕಿಕೊಳ್ಳುತ್ತ. "ಇವತ್ತು ಸಂಜೆ ನೀನು ಬರ್ಲಿಲ್ಲ ಅಂದ್ರೆ ನಿನ್ನ ಜೊತೆ ಟೂ, ಅಷ್ಟೆ."

"ಭೂಮಿ ತಲೆಕೆಳಗಾದ್ರೂ ಬರ್ತೀನಿ ಪುಟ್ಟಿ," ಎಂದು ಅಪ್ಪ ಅವಳ ತಲೆ ಮೇಲೆ ಕೈಯಿಟ್ಟು ಹೇಳಿಬಿಟ್ಟ.

ಈ ಅಪ್ಪ ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ತಿರುಗಿಸಿ ನೋಡುವವನು. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವನು 'ಮುಚ್ಚಳ'. ಸ್ವಭಾವವೂ ಅಂಥದ್ದೇ, ಯಾರು ಅದುಮಿದರೂ ಸುಮ್ಮನೆ ಕೂತುಬಿಡುತ್ತಿದ್ದ. ಹೀಗಾಗಿ ಮ್ಯಾನೇಜರ್ ಎದುರು ನಿಂತು, "ಸರ್, ಸ್ವಲ್ಪ ಸ್ವಂತ ಕೆಲಸ, ಮಧ್ಯಾಹ್ನದ ಮೇಲೆ ಬಿಟ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ ತಲೆ ಕೆರೆದುಕೊಂಡ.

"ಇವತ್ತಾ? ಒಳ್ಳೆ ದಿನ ನೋಡಿಕೊಂಡ್ರಿ!" ಎಂದರು ಮ್ಯಾನೇಜರ್. "ಇವತ್ತು ಅಣಕು ಅಪಘಾತ ಕಣ್ರೀ. ಬಾಯ್ಲರ್ ಸಿಡಿಯತ್ತೆ, ಜನ ಬೀಳ್ತಾರೆ, ನಮ್ಮವರೇ ಪ್ರಥಮ ಚಿಕಿತ್ಸೆ ಮಾಡ್ತಾರೆ. ನೀವು ಬೀಳೋರ ಗುಂಪಲ್ಲಿದೀರಿ. ಬಿದ್ದವರು ಮನೆಗೆ ಹೋಗೋಕಾಗತ್ತಾ?"

ಮುಚ್ಚಳ ಕೂತುಬಿಟ್ಟ.

ಅಭ್ಯಾಸ ನಡೆಸಲು ಬಂದಿದ್ದ ಮೇಡಂ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಸತ್ತವನೂ ಎದ್ದು ಕೂರುವಂಥ ದನಿ. ಮೊದಲು ಎಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡು ಅದರ ಬಾಯಿಗೆ ಗಂಟು ಹಾಕಿದರು. ಆಮೇಲೆ ನಾಲ್ಕು ಬಣ್ಣದ ಚೀಟಿ ಹಿಡಿದು ವಿವರಿಸಿದರು. ತಾನೇ ನಡೆಯಬಲ್ಲವನಿಗೆ ಹಸಿರು. ಸ್ವಲ್ಪ ತಡೆದರೂ ನಡೆಯುತ್ತದೆ ಎನ್ನುವವನಿಗೆ ಹಳದಿ. ಕೂಡಲೇ ಸಾಗಿಸದಿದ್ದರೆ ಪ್ರಾಣಕ್ಕೇ ಕುತ್ತು ಎನ್ನುವವನಿಗೆ ಕೆಂಪು. ಉಸಿರೇ ಇಲ್ಲದವನಿಗೆ ಕಪ್ಪು.

"ಕೆಂಪಿನವರು ಮೊದಲನೇ ಆಂಬುಲೆನ್ಸ್‌ನಲ್ಲಿ ಸೀದಾ ದೊಡ್ಡಾಸ್ಪತ್ರೆಗೆ," ಎಂದರು ಮೇಡಂ.

ಮುಚ್ಚಳನ ಕಿವಿ ನೆಟ್ಟಗಾಯಿತು. ದೊಡ್ಡಾಸ್ಪತ್ರೆಯ ಎದುರಿಗೇ ಮಗಳ ಶಾಲೆ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೇಗಾದರೂ ಮಾಡಿ ಒಂದು ಕೆಂಪು ಚೀಟಿ ಗಿಟ್ಟಿಸಿದರೆ ಕಾರ್ಖಾನೆಯೇ ಅವನನ್ನು ಹೊತ್ತು ನಾಟಕಕ್ಕೆ ಮುಟ್ಟಿಸುತ್ತಿತ್ತು.

ಊಟವಾದ ಮೇಲೆ ಸೀಟಿ ಕೂಗಿತು. ಬಾಯ್ಲರ್ ಸಿಡಿದಂತೆ ಒಬ್ಬ ಡಬ್ಬ ಬಡಿದ. ಮುಚ್ಚಳ ದೊಪ್ಪೆಂದು ಬಿದ್ದು, "ಅಯ್ಯಯ್ಯೋ! ಸತ್ತೆ! ಕಾಲು ಹೋಯ್ತು! ಯಾರಾದ್ರೂ ಬರ್ರಪ್ಪೋ!" ಎಂದು ಛಾವಣಿ ಹಾರುವಂತೆ ಕೂಗಿದ. ಅಷ್ಟರಲ್ಲಿ ಮೇಡಂ ಗುಡುಗಿದರು: "ನಡೆಯೋಕೆ ಆಗೋರೆಲ್ಲ ಎದ್ದು ಈ ಗೋಡೆ ಹತ್ರ ಬನ್ನಿ!"

ಜೀವಮಾನವೆಲ್ಲ ಯಾರು ಏನು ಹೇಳಿದರೂ ಮಾಡಿದ ದೇಹ. ಮುಚ್ಚಳ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಗೋಡೆಯ ಹತ್ತಿರ ಹೋಗಿ ನಿಂತ. ಕೊರಳಿಗೆ ಹಸಿರು ಚೀಟಿ ಬಿತ್ತು.

"ಮೇಡಂ, ನಂಗೆ ತುಂಬಾ ನೋವಾಗ್ತಿದೆ!"

"ಕೂಗೋಕೆ ಉಸಿರಿದೆ, ಬರೋಕೆ ಕಾಲಿದೆ. ನಿಮಗೇನು ಧಾಡಿ? ಸುಮ್ಮನಿರೋರನ್ನ ಮೊದಲು ನೋಡಬೇಕು ಅಂತ ಪಾಠ ಮಾಡಿದ್ದು ಮರೆತ್ರಾ?"

ಸುಮ್ಮನಿರೋರು! ಮುಚ್ಚಳನಿಗೆ ಗುಟ್ಟು ಸಿಕ್ಕಿತು. ಮೇಡಂ ಆ ಕಡೆ ತಿರುಗಿದ್ದೇ ತಡ, ಹಸಿರು ಚೀಟಿಯನ್ನು ಜೇಬಿಗೆ ತುರುಕಿ, ಪ್ಯಾಕಿಂಗ್ ಮೇಜಿನ ಹಿಂದೆ ಹೋಗಿ ಕಣ್ಣು ಮುಚ್ಚಿ ಮಲಗಿದ. ಲೆಕ್ಕದ ವಿಭಾಗದ ಅಕ್ಕ ಓಡಿಬಂದಳು. ಹಿಂದಿನ ವಾರ ಪ್ರಥಮ ಚಿಕಿತ್ಸೆಯ ಪಾಠವಾದ ದಿನದಿಂದ ಅವಳಿಗೆ ಯಾರಿಗಾದರೂ ಚಿಕಿತ್ಸೆ ಮಾಡುವ ಹುಚ್ಚು. ಸೀನಿದವರಿಗೂ ನಾಡಿ ನೋಡುತ್ತಿದ್ದಳು.

"ಇಲ್ಲೊಬ್ಬರು ಬಿದ್ದಿದಾರೆ! ಅಣ್ಣಾ, ಕೇಳಿಸ್ತಿದ್ಯಾ?" ಎಂದು ಭುಜ ತಟ್ಟಿದಳು. ಮುಚ್ಚಳ ಮಿಸುಕಲಿಲ್ಲ. ಕೆಂಪು ಖಚಿತವಾಗಲಿ ಎಂದು ಉಸಿರನ್ನೂ ಬಿಗಿಹಿಡಿದ. ಅತಿ ಆಸೆ ಗತಿಗೇಡು. ಅಕ್ಕ ಅವನ ಹಣೆ ಹಿಡಿದು ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗಿನ ಬಳಿ ಕೆನ್ನೆಯಿಟ್ಟು ಕಾದಳು. ಮುಚ್ಚಳ ಇನ್ನಷ್ಟು ಬಿಗಿಹಿಡಿದ.

"ಉಸಿರಿನ ದಾರಿ ಬಿಡಿಸಿ ನೋಡಿದ್ರೂ ಉಸಿರಿಲ್ಲ ಮೇಡಂ. ಪಾಪ, ಒಳ್ಳೆಯವರಿದ್ರು," ಎಂದು ಅವನ ಎದೆಯ ಮೇಲೆ ಕಪ್ಪು ಚೀಟಿ ಇಟ್ಟು ಮುಂದೆ ಹೋದಳು.

ಮುಚ್ಚಳ ಎದ್ದು ಕೂತ. "ಅಕ್ಕಾ, ಬದುಕಿದೀನಿ!"

"ಸತ್ತವರು ಮಾತಾಡಬಾರದು ಅಣ್ಣ. ಮಲಗಿ," ಎಂದಳು ಅವಳು ತಿರುಗಿಯೂ ನೋಡದೆ.

ಮೇಜಿನ ಇನ್ನೊಂದು ಪಕ್ಕದಲ್ಲಿ ಕ್ಯಾಂಟೀನಿನ ಅಡುಗೆಯವನು ಸ್ಟ್ರೆಚರ್ ಮೇಲೆ ಒದ್ದಾಡುತ್ತಿದ್ದ. ಅವನ ಕೊರಳಲ್ಲಿ ಕೆಂಪು ಚೀಟಿ ಥಳಥಳಿಸುತ್ತಿತ್ತು. "ಇದೆಂಥ ಕರ್ಮ ಮಾರಾಯ," ಎಂದು ಗೊಣಗಿದ. "ಸಂಜೆಗೆ ಜನ ಬರ್ತಾರೆ, ನೂರು ಲೋಟ ಟೀ ಆಗ್ಬೇಕು ಅಂತ ಮ್ಯಾನೇಜರ್ ಈಗ ತಾನೆ ಹೇಳಿದ್ರು. ನನ್ನನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ್ರೆ ಟೀ ಯಾರು ಮಾಡ್ತಾರೆ?"

ಮುಚ್ಚಳ ಥಟ್ಟನೆ ಕಪ್ಪು ಚೀಟಿ ಮುಂದೆ ಚಾಚಿದ. ಅಡುಗೆಯವನ ಮುಖ ಅರಳಿತು. "ಸತ್ತವನನ್ನ ಯಾರು ಹುಡುಕ್ತಾರೆ ಬಿಡು!" ಎಂದು ಚೀಟಿ ಬದಲಿಸಿಕೊಂಡು ನೇರ ಒಲೆಯ ಕಡೆ ನಡೆದ. ಖಾಲಿಯಾದ ಸ್ಟ್ರೆಚರ್ ಮೇಲೆ ಮುಚ್ಚಳ ಮಲಗಿಕೊಂಡ.

ಕೆಂಪು ಚೀಟಿಯೇನೋ ಬಂತು, ಅದರ ಜೊತೆಗೆ ಚಿಕಿತ್ಸೆಯೂ ಬಂತು. ಒಂದು ಕಾಲಿಗೆ ಮರದ ಪಟ್ಟಿ ಕಟ್ಟಿದರು, ಬಲಗೈಯನ್ನು ತ್ರಿಕೋನದ ಬಟ್ಟೆಯಲ್ಲಿ ಎದೆಗೆ ಬಿಗಿದರು, ಕತ್ತಿಗೆ ಗಟ್ಟಿ ಪಟ್ಟಿ ತೊಡಿಸಿದರು. ಲೆಕ್ಕದ ಅಕ್ಕ ಮತ್ತೆ ಬಂದು ನಾಡಿ ಹಿಡಿದು, "ಅಬ್ಬಾ, ಏನು ಹೊಡ್ಕೋತಿದೆ! ಸತ್ತಿದ್ದೋರು ಎಷ್ಟು ಚೆನ್ನಾಗಿ ಸುಧಾರಿಸ್ಕೊಂಡ್ರಿ!" ಎಂದು ಹೊಗಳಿದಳು. ಆಂಬುಲೆನ್ಸ್ ಗೇಟು ದಾಟುವಾಗ ಹೊರಗೆಲ್ಲೋ ಮಕ್ಕಳ ಕೇಕೆ ಕೇಳಿಸಿತು. ಕತ್ತು ತಿರುಗಿಸಲಾಗದೆ ಮುಚ್ಚಳ ಛಾವಣಿ ನೋಡಿಕೊಂಡೇ ನಕ್ಕ. ಅವನಿಗೆ ಅಷ್ಟು ಸಂತೋಷವಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಸ್ಟ್ರೆಚರನ್ನು ಬಾಗಿಲ ಬಳಿ ನಿಲ್ಲಿಸಿ, ಇಳಿಸಿದವರು ಇನ್ನೊಬ್ಬನನ್ನು ಇಳಿಸಲು ಹೋದರು. ಮುಚ್ಚಳ ಎಡಗೈಯಲ್ಲಿ ಬೆಲ್ಟು ಬಿಚ್ಚಿ ಜಾರಿಕೊಂಡ. ಹೊರಗೆ ಅಭ್ಯಾಸಕ್ಕಾಗಿ ಹಗ್ಗ ಕಟ್ಟಿ ರಸ್ತೆ ಬಂದ್ ಮಾಡಿದ್ದರು. ಮರದ ಕಾಲನ್ನು ಟಕ್ ಟಕ್ ಎನ್ನಿಸುತ್ತ ಹಗ್ಗದಡಿ ನುಸುಳಿ ಶಾಲೆಯ ಗೇಟು ಮುಟ್ಟಿದ. ಅಲ್ಲಿ ಕಾವಲುಗಾರ ಒಬ್ಬನೇ ಕೂತು ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

"ನಾಟಕ... ನಾಟಕ ಶುರುವಾಯ್ತಾ?"

"ಇಲ್ಲೆಲ್ಲಿ ನಾಟಕ ಸ್ವಾಮಿ? ಅದ್ಯಾವುದೋ ಅಣಕು ಅಪಘಾತ ಅಂತ ರಸ್ತೆ ಮುಚ್ಚಿದಾರಲ್ಲ, ಅಪ್ಪ ಅಮ್ಮಂದಿರು ಬರೋದು ಹ್ಯಾಗೆ? ಬಾಟಲಿ ಕಾರ್ಖಾನೆ ಮ್ಯಾನೇಜರ್ ದೇವರಂಥೋರು. 'ನಮ್ಮಿಂದ ತೊಂದರೆ ಆಯ್ತು, ನಮ್ಮ ಊಟದ ಹಾಲ್‌ನಲ್ಲೇ ಮಾಡ್ಕೊಳ್ಳಿ' ಅಂದ್ರು. ಮಕ್ಕಳನ್ನ ಬಸ್ಸಲ್ಲಿ ಆಗಲೇ ಕರ್ಕೊಂಡು ಹೋದ್ರು." ಆಮೇಲೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಹೌದೂ, ನಿಮಗೇನಾಯ್ತು?" ಎಂದ.

ಮುಚ್ಚಳ ಎಡಗೈ ಚಾಚಿದ. ಕಾವಲುಗಾರನ ಫೋನ್ ಇಸಕೊಂಡು ಹೆಂಡತಿಗೆ ಮಾಡಿದ.

"ಇನ್ನೂ ಎಲ್ಲಿ ಹಾಳಾಗಿದೀರಿ?" ಎಂದಳು ಅವಳು ಪಿಸುದನಿಯಲ್ಲಿ. "ಮಧ್ಯಾಹ್ನದಿಂದ ಫೋನ್ ಮಾಡ್ತಾನೇ ಇದೀನಿ. ನಿಮ್ಮ ಕಾರ್ಖಾನೇಲೇ ಮುಂದಿನ ಸಾಲಲ್ಲಿ ಕೂತಿದೀನಿ. ನಿಮಗೆ ಅಂತ ಹಿಡಿದಿದ್ದ ಕುರ್ಚೀಲಿ ನಿಮ್ಮ ಮ್ಯಾನೇಜರ್ ಕೂತು ಟೀ ಕುಡೀತಿದಾರೆ. ಇರಿ ಇರಿ, ಪುಟ್ಟಿ ಬಂದ್ಲು, ಈಗ ಅವಳ ಮಾತು!"

ಮುಚ್ಚಳ ಫೋನನ್ನು ಕಿವಿಗೊತ್ತಿ ಉಸಿರು ಬಿಗಿಹಿಡಿದ. ಅದೇ ಗಳಿಗೆಯಲ್ಲಿ ಆಂಬುಲೆನ್ಸ್ ಊಳಿಡುತ್ತ ಅವನ ಪಕ್ಕಕ್ಕೇ ಬಂದು ನಿಂತಿತು. "ಸಿಕ್ಕಿದ್ರು! ಕೆಂಪಿನವರು ನಿಂತ್ಕೋಬಾರದು ಸಾರ್, ಮಲಗಿ!" ಎಂದು ಇಬ್ಬರು ಅವನನ್ನು ಅನಾಮತ್ತು ಎತ್ತಿ ಒಳಗೆ ಹಾಕಿ ಬೆಲ್ಟು ಬಿಗಿದರು. ಸೈರನ್ ನಿಂತಾಗ ಫೋನಿನಿಂದ ಕೇಳಿಸಿದ್ದು ಬರೀ ಚಪ್ಪಾಳೆ.

"ಹೇಳಿದ್ಲಾ?" ಎಂದ ಮಲಗಿದ್ದಲ್ಲೇ.

"ಹೇಳಿದ್ಲು ರೀ! ಒಂದಕ್ಷರ ತಪ್ಪಲಿಲ್ಲ!" ಹೆಂಡತಿಯ ದನಿ ಉಬ್ಬಿತ್ತು. ಮುಚ್ಚಳನ ಕಣ್ಣು ತುಂಬಿ ಬಂತು.

"ನನ್ನ ಮೇಲೆ ಕೋಪಾನಾ?"

"ಕೋಪ ಎಲ್ಲಿ ಬಂತು? ಆಂಬುಲೆನ್ಸಲ್ಲಿ ನೀವು ಹೋಗಿದ್ದನ್ನ ಬಸ್ಸಿನ ಕಿಟಕಿಯಿಂದ ನೋಡಿದ್ಲಂತೆ. ಮೊದಲು ಅತ್ತಳಂತೆ, ಅದೂ ಒಂದು ನಾಟಕ ಅಂತ ಟೀಚರ್ ಹೇಳಿದ ಮೇಲೆ ಹಿಗ್ಗೋ ಹಿಗ್ಗು. 'ನಮ್ಮಪ್ಪಂದು ನನಗಿಂತ ದೊಡ್ಡ ಪಾರ್ಟು' ಅಂತ ಹಾಲ್ ತುಂಬಾ ಹೇಳ್ಕೊಂಡು ಓಡಾಡಿದ್ಲು."

ಮುಚ್ಚಳನ ಎದೆ ಹಗುರಾಯಿತು. ಅಂತೂ ಟೂ ತಪ್ಪಿತು.

"ನಿಮ್ಮ ಮ್ಯಾನೇಜರಿಗಂತೂ ಅದು ಎಷ್ಟು ಹಿಡಿಸಿಬಿಡ್ತು ಅಂದ್ರೆ," ಎಂದು ಹೆಂಡತಿ ಮುಂದುವರಿಸಿದಳು, "ಇನ್ಮೇಲೆ ಪ್ರತಿ ವರ್ಷ ನಾಟಕದ ದಿನಾನೇ ಅಪಘಾತ ಇಟ್ಕೊಳ್ಳೋಣ, ಕೆಂಪು ಚೀಟಿ ಯಾವತ್ತಿದ್ರೂ ನಿಮ್ಮಪ್ಪಂಗೇ ಅಂತ ಪುಟ್ಟಿಗೆ ಮಾತು ಕೊಟ್ಟುಬಿಟ್ರು!"