ಕ್ರೈನನ ಪಾಕ

ಚಳಿಗಾಲದ ಸಂತೆಯ ಆ ಬೆಳಿಗ್ಗೆ ಚೀಸ್ ಮಾರುವ ಬಾಸ್ತಿಯಾನ್ ಬಾಯಿ ಮುಚ್ಚಿಕೊಂಡಿದ್ದರೆ ಪಾಕದ ವಾಫಲ್ ಮಾರುವ ಕ್ರೈನನ ದಿನ ನೆಮ್ಮದಿಯಾಗಿ ಕಳೆಯುತ್ತಿತ್ತು. ಆದರೆ ಬಾಸ್ತಿಯಾನನ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. ಅದೂ ಸುಳ್ಳು ಅನ್ನುತ್ತಾಳೆ ಅವನ ಹೆಂಡತಿ.

"ಕ್ರೈನ್, ಗೊತ್ತಾಯ್ತಾ? ಈ ಸಲ ಸಂತೆಯ ಸ್ಪರ್ಧೆಗೆ ತೀರ್ಪುಗಾರರು ಗುಟ್ಟಾಗಿ ಬರ್ತಾರಂತೆ. ಎಲ್ಲರ ಸ್ಟ್ರೋಪ್‌ವಾಫಲ್ ತಿಂದು ನೋಡಿ, ಸಂಜೆ ಪುರಭವನದ ಮೆಟ್ಟಿಲ ಮೇಲೆ ನಿಂತು ಗೆದ್ದೋರ ಹೆಸರು ಹೇಳ್ತಾರಂತೆ."

"ಹೇಳ್ಲಿ ಬಿಡು. ಈ ಖೌಡಾ ಊರಲ್ಲಿ ಪಾಕ ಅಂದ್ರೆ ನಮ್ಮನೇದೇ," ಎಂದ ಕ್ರೈನ್.

ಅದು ಬರೀ ಬಡಾಯಿಯಲ್ಲ. ಕಾದ ಕಬ್ಬಿಣದ ಅಚ್ಚಿನಲ್ಲಿ ಹಿಟ್ಟಿನ ಉಂಡೆ ಒತ್ತಿ, ಬೆಂದ ಬಿಲ್ಲೆಯನ್ನು ಬಿಸಿಯಾಗಿರುವಾಗಲೇ ಎರಡಾಗಿ ಸೀಳಿ, ನಡುವೆ ಪಾಕ ಸವರಿ ಸ್ಟ್ರೋಪ್‌ವಾಫಲ್ ಮಾಡುವುದು ಆ ಸಂತೆಯ ಚೌಕದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ನಾಲಗೆಗೆ ತಾಗಿದೊಡನೆ ಕರಗಿ, ಕರಗಿದ ಮೇಲೂ ಬೆಣ್ಣೆಯ ಘಮ ಉಳಿಸಿಹೋಗುವ ಪಾಕ ಮಾತ್ರ ಕ್ರೈನನ ಅಜ್ಜ ಬಿಟ್ಟುಹೋದದ್ದು. ಎದುರು ಸಾಲಿನ ಗೆರ್ಡಿನಾಳ ಪಾಕ ಅವನ ಪ್ರಕಾರ ಗೋಡೆಗೆ ಕಾಗದ ಅಂಟಿಸಲು ಸರಿ.

ಬಾಸ್ತಿಯಾನ್ ಅಲ್ಲಿಂದ ಕದಲಲಿಲ್ಲ. "ಅಜ್ಜನ ರುಚಿ ಸರಿ ಕಣಪ್ಪಾ. ತೀರ್ಪುಗಾರರು ಈ ಕಾಲದವರಲ್ವಾ? ಚೂರು ಶುಂಠಿ ಹಾಕಿ ನೋಡು."

ಪಕ್ಕದಲ್ಲಿ ಉಣ್ಣೆಯ ಕಾಲುಚೀಲ ಮಾರುವ ಮರಿಖೆಗೆ ಇದು ಕೇಳಿಸಿತು. "ಶುಂಠಿ ಯಾರಿಗೆ ಬೇಕು? ಕಿತ್ತಳೆ ಸಿಪ್ಪೆ ತುರಿದು ಹಾಕು. ನನ್ನ ನಾದಿನಿ ಹಾಕ್ತಾಳೆ, ಬೀದಿಗೆಲ್ಲಾ ಘಮ್ ಅನ್ನುತ್ತೆ."

"ಇರೋ ಪಾಕ ಕೆಡಿಸ್ಬೇಡ," ಎಂದಳು ಕ್ರೈನನ ಹೆಂಡತಿ ನೇಲ್ಚೆ.

"ನೀನು ಹಿಟ್ಟು ಉಂಡೆ ಮಾಡು, ಸಾಕು," ಎಂದು ಕ್ರೈನ್ ಶುಂಠಿಯನ್ನೂ ಹಾಕಿದ, ಸಿಪ್ಪೆಯನ್ನೂ ತುರಿದ. ಪಾಕ ನೀರಾಯಿತು. ನೀರಾದದ್ದನ್ನು ಗಟ್ಟಿ ಮಾಡಲು ಉರಿ ಏರಿಸಿದ. ಅಷ್ಟರಲ್ಲಿ ಉದ್ದ ಕೋಟಿನ ಗಂಭೀರ ಮನುಷ್ಯನೊಬ್ಬ ಅಂಗಡಿ ಮುಂದೆ ನಿಂತು ಮೂಗೆಳೆದ.

"ಅವರೇ!" ಎಂದು ಪಿಸುಗುಟ್ಟಿದ ಬಾಸ್ತಿಯಾನ್.

ಕ್ರೈನ್ ಸೌಟು ಬಿಟ್ಟು ಓಡಿದ. ಅವರನ್ನು ಕೂರಿಸಿದ, ಕಾಫಿ ತರಿಸಿದ, ಅಜ್ಜನ ಕತೆಯನ್ನು ಅಜ್ಜ ಹುಟ್ಟಿದಲ್ಲಿಂದ ಶುರು ಮಾಡಿದ. ಅಜ್ಜನ ಮದುವೆಯವರೆಗೆ ಬಂದಾಗ ಆ ಮನುಷ್ಯ ಸಂಕೋಚದಿಂದ ಕೇಳಿದ: "ಕಾಫಿ ಚೆನ್ನಾಗಿತ್ತು. ಇಲ್ಲಿ ಶೌಚಾಲಯ ಎಲ್ಲಿದೆ ಹೇಳ್ತೀರಾ?"

ಅಷ್ಟು ಹೊತ್ತಿಗೆ ಪಾಕ ಡಾಂಬರಾಗಿತ್ತು. ಕ್ರೈನ್ ಅದನ್ನೇ ಸವರಿ ಗಿರಾಕಿಗಳಿಗೆ ಕೊಟ್ಟ. ಅಜ್ಜಿಯೊಬ್ಬರು ಕಚ್ಚಿ ಎಳೆದರು. ವಾಫಲ್ ಜೊತೆಗೆ ಮೇಲಿನ ಹಲ್ಲಿನ ಸೆಟ್ಟೂ ಹೊರಗೆ ಬಂತು. ಕೆಳಗೆ ಬಿದ್ದ ತುಂಡನ್ನು ಬಾಯಿಗೆ ಹಾಕಿಕೊಂಡ ನಾಯಿ ಮಧ್ಯಾಹ್ನವಿಡೀ ಬೊಗಳಲಿಲ್ಲ. "ತೀರಾ ಗಟ್ಟಿಯಾಯ್ತು, ಚೂರು ಜೆನೆವರ್ ಹಾಕಿ ಸಡಿಲ ಮಾಡು," ಎಂದ ಬಾಸ್ತಿಯಾನ್. ಆ ಮದ್ಯ ಬಿದ್ದದ್ದೇ ತಡ, ಪಾತ್ರೆಯಿಂದ ಭಗ್ಗನೆ ಎದ್ದ ಜ್ವಾಲೆ ಕ್ರೈನನ ಒಂದು ಹುಬ್ಬನ್ನು ಒಯ್ದುಬಿಟ್ಟಿತು.

ಸಂಜೆ ಪುರಭವನದ ಮೆಟ್ಟಿಲೇರಿದವಳು ದುಂಡು ಮುಖದ ಒಬ್ಬ ಹೆಂಗಸು. "ಈ ಸಂತೆಯಲ್ಲಿ ಇವತ್ತು ನಾನು ತಿಂದ ಒಂದು ಪಾಕ, ನಾಲಗೆಗೆ ತಾಗಿದ್ದೇ ಕರಗಿಹೋಯ್ತು. ಆಮೇಲೂ ಬೆಣ್ಣೆಯ ಘಮ ಹೋಗ್ಲಿಲ್ಲ..."

ಕ್ರೈನನ ಎದೆ ಉಬ್ಬಿತು.

"...ಅದು ಗೆರ್ಡಿನಾ ಅವರದ್ದು!"

ಚಪ್ಪಾಳೆಯ ನಡುವೆ ನೇಲ್ಚೆ ಅವನ ತೋಳು ಜಗ್ಗಿದಳು. "ಬೈಬೇಡ. ಮೊಮ್ಮಗು ಹುಟ್ಟಿದ ಗಡಿಬಿಡೀಲಿ ಗೆರ್ಡಿನಾಳ ಪಾಕ ತಳ ಹಿಡಿದಿತ್ತಂತೆ, ಬೆಳಿಗ್ಗೆ ಅಳ್ತಾ ಬಂದ್ಲು. ನಮ್ಮನೆಯಿಂದ ತಂದಿದ್ದ ಎರಡನೇ ಪಾತ್ರೇನ ಕೊಟ್ಟುಬಿಟ್ಟೆ."

ಕ್ರೈನ್ ಜನರನ್ನು ಸೀಳಿಕೊಂಡು ಮುಂದೆ ನುಗ್ಗಿದ. "ಅದು ನನ್ನ ಪಾಕ! ನಮ್ಮಜ್ಜನ ಪಾಕ!"

"ಹೊಟ್ಟೆಕಿಚ್ಚು ನೋಡು!" "ಹುಬ್ಬಿನ ಜೊತೆ ಬುದ್ಧೀನೂ ಸುಟ್ಟಿರ್ಬೇಕು!" ಎಂದು ಜನ ನಕ್ಕರು.

ಆದರೆ ಗೆರ್ಡಿನಾ ನೇರ ಹೆಂಗಸು. "ನಗ್ಬೇಡಿ. ಅವನು ಹೇಳಿದ್ದು ನಿಜ. ಪಾಕ ಕ್ರೈನನದೇ," ಎಂದಳು ಗಟ್ಟಿಯಾಗಿ.

"ನಾನು ಹೋದಾಗ ಅವರ ಅಂಗಡೀಲಿ ಬೆಂಕಿ ಎದ್ದಿತ್ತು, ತಿನ್ನೋಕಾಗ್ಲಿಲ್ಲ. ಹಾಗಾದ್ರೆ ಈಗ ತಿಂದು ನೋಡೋಣ," ಎಂದು ತೀರ್ಪುಗಾರ್ತಿ ನಡೆದಳು. ಕ್ರೈನ್ ಹಿಂದೆಯೇ ಓಡಿದ. "ಮೇಡಂ, ಈ ಪಾತ್ರೇದು ಬೇಡ, ಇದು—" ಎನ್ನುವಷ್ಟರಲ್ಲಿ ಆಕೆ ಕಚ್ಚಿಯಾಗಿತ್ತು.

ಒಮ್ಮೆ ಅಗಿದಳು. ಎರಡನೆಯ ಸಲಕ್ಕೆ ದವಡೆ ಬಿಚ್ಚಲಿಲ್ಲ. ಕಣ್ಣಲ್ಲಿ ನೀರು ಬಂತು. ಬಾಸ್ತಿಯಾನ್ ಬಿಸಿ ಕಾಫಿ ತಂದುಕೊಟ್ಟ ಮೇಲೆ ಬಾಯಿ ಬಿಡಿಸಿಕೊಂಡು ಗೆರ್ಡಿನಾಳ ಎರಡೂ ಕೈ ಹಿಡಿದಳು. "ಸೋತವರ ಮಾನ ಉಳಿಸೋಕೆ ನೀವು ಇಷ್ಟು ದೊಡ್ಡ ಸುಳ್ಳು ಹೇಳಿದ್ರಲ್ಲಾ! ಎಂಥಾ ಮನಸ್ಸು ನಿಮ್ದು!"

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು.

ಗೆರ್ಡಿನಾಳ ಅಂಗಡಿ ಮುಂದಿನ ಗಿರಾಕಿಗಳ ಸಾಲು ಚರ್ಚಿನ ಮೂಲೆ ದಾಟಿತು. ತಿಂದವರು ಕಣ್ಣು ಮುಚ್ಚಿ "ಆಹಾ!" ಅನ್ನುತ್ತಿದ್ದರು. ಕ್ರೈನ್ ನಿಂತು ಒಂದೊಂದು ಆಹಾವನ್ನೂ ಕೇಳಿಸಿಕೊಂಡ. ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಇಡೀ ಊರು ಅಜ್ಜನನ್ನು ಹೊಗಳುತ್ತಿತ್ತು, ಹೆಸರು ಮಾತ್ರ ಬೇರೆ.

ಗೆರ್ಡಿನಾ ಅವನನ್ನು ಪಕ್ಕಕ್ಕೆ ಕರೆದಳು. "ಕ್ರೈನ್, ಪಾಕ ಮುಗೀತು. ಜನ ಕಾಯ್ತಿದ್ದಾರೆ. ನನ್ನ ಕೈಲಿ ಇದು ಬರಲ್ಲ ಕಣೋ."

ಕ್ರೈನ್ ಅಂಗಿಯ ತೋಳು ಮಡಿಸಿ ಅವಳ ಒಲೆಯ ಮುಂದೆ ನಿಂತ. ಬೆಣ್ಣೆ ಕರಗಿತು, ಸಕ್ಕರೆಯ ಬಣ್ಣ ತಿರುಗಿತು, ಘಮ ಎದ್ದಿತು. ಸೌಟಿನ ತುದಿಯನ್ನು ನಾಲಗೆಗೆ ತಾಗಿಸಿದ. ಅಜ್ಜನದೇ! ರಾಜನಂತೆ ತಲೆಯೆತ್ತಿ ಸಾಲಿನತ್ತ ನೋಡಿದ.

ಸಾಲಿನ ನಡುವಿನಿಂದ ಯಾರೋ ಕಿರುಚಿದರು: "ಅಯ್ಯೋ ಗೆರ್ಡಿನಾ, ಅವನನ್ನ ಪಾಕದ ಹತ್ರ ಯಾಕಮ್ಮಾ ಬಿಟ್ಟೆ?"